‘ಹೊಟ್ಟೆ ಮುಟ್ಟಿ ನೋಡಿದ್ರಾ ಡಾಕ್ಟ್ರೇ?’: ರೆಸಿಡೆನ್ಸಿ ಇಂಟರ್ವ್ಯೂಗೆ ನಾನು ತಯಾರಾದದ್ದು ಹೀಗೆ

2023ರ ಸೆಪ್ಟೆಂಬರ್ 27. ಅಮೆರಿಕದ ರೆಸಿಡೆನ್ಸಿ ಪ್ರೋಗ್ರಾಂಗಳು, ಅಂದರೆ ಡಾಕ್ಟರ್ ಆದವರಿಗೆ ಆಸ್ಪತ್ರೆಯಲ್ಲಿ ತಜ್ಞ ತರಬೇತಿ ಕೊಡುವವರು, ಆ ವರ್ಷದ ಅರ್ಜಿಗಳನ್ನು ತೆರೆದು ನೋಡಲು ಶುರು ಮಾಡಿದ ದಿನ ಅದು. ಆ ರಾಶಿಯಲ್ಲಿ ನನ್ನದೂ ಇತ್ತು, ಇಂಟರ್ನಲ್ ಮೆಡಿಸಿನ್‌ಗೆ. ಅಮೆರಿಕದ ವೈದ್ಯಕೀಯ ಲೈಸೆನ್ಸ್ ಪರೀಕ್ಷೆ ಯುಎಸ್‌ಎಂಎಲ್‌ಇಯ ಸ್ಟೆಪ್ 1, ಸ್ಟೆಪ್ 2, ಇಂಗ್ಲಿಷ್‌ನ ಒಇಟಿ ಪರೀಕ್ಷೆ, ಹೊರದೇಶದಲ್ಲಿ ಓದಿದ ಡಾಕ್ಟರುಗಳ ಅರ್ಹತೆ ನೋಡುವ ಇಸಿಎಫ್‌ಎಂಜಿ ಸಂಸ್ಥೆಯ ಸರ್ಟಿಫಿಕೇಟ್ ಅಂತ ಮೂರು ವರ್ಷ ಇದರಲ್ಲೇ ಕಳೆದಿತ್ತು. ಪರೀಕ್ಷೆಗೆ ಓದುವುದು ನನಗೆ ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಇಂಟರ್ವ್ಯೂಗೂ ಹಾಗೇ ಓದಿದೆ. ಅಲ್ಲೇ ನಾನು ತಪ್ಪಿದ್ದು.

ಅಲ್ಲಿ ಇಲ್ಲಿ ಹುಡುಕಿ ಅರವತ್ತು ಪ್ರಶ್ನೆ ಸೇರಿಸಿದೆ. ನಿಮ್ಮ ಬಗ್ಗೆ ಹೇಳಿ, ಈ ಪ್ರೋಗ್ರಾಂ ಯಾಕೆ, ನಿಮ್ಮ ದೌರ್ಬಲ್ಯ ಏನು, ಸಹೋದ್ಯೋಗಿ ಜೊತೆ ಜಗಳ ಆದಾಗ ಏನು ಮಾಡಿದಿರಿ, ನೀವು ಮಾಡಿದ ಒಂದು ತಪ್ಪು ಹೇಳಿ. ಪ್ರತಿಯೊಂದಕ್ಕೂ ಉತ್ತರ ಬರೆದು ಬಾಯಿಪಾಠ ಮಾಡಿದೆ. ನನ್ನ ಬ್ಯಾಚಿನ ಗೆಳತಿಯೊಬ್ಬಳು ಅದೇ ವರ್ಷ ಅರ್ಜಿ ಹಾಕಿದ್ದಳು. ಇಬ್ಬರೂ ರಾತ್ರಿ ಜೂಮ್‌ನಲ್ಲಿ ಕೂತು ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಳ್ಳುವುದು ಅಂತ ಮಾತಾಗಿತ್ತು. ಮೊದಲ ದಿನ ಅವಳು ನಾಲ್ಕು ಪ್ರಶ್ನೆ ಕೇಳಿ ನಿಲ್ಲಿಸಿದಳು. ‘ನೀನು ಮಾತಾಡ್ತಾ ಇಲ್ಲ ಕಣೇ, ಒಪ್ಪಿಸ್ತಾ ಇದ್ದೀಯ’ ಅಂದಳು. ರೆಕಾರ್ಡಿಂಗ್ ಹಾಕಿ ನೋಡಿದೆ. ನಿಜ. ಉತ್ತರ ನೆನಪಿಸಿಕೊಳ್ಳುವಾಗ ನನ್ನ ಕಣ್ಣು ಎಡಗಡೆ ಮೇಲೆ ಹೋಗುತ್ತಿತ್ತು. ಸಿಕ್ಕ ತಕ್ಷಣ ಮಾತು ಓಡುತ್ತಿತ್ತು. ನನ್ನ ಮುಖದಲ್ಲಿ ಯಾವ ಭಾವವೂ ಇರಲಿಲ್ಲ.

ಆ ಫೈಲ್ ಮುಚ್ಚಿಟ್ಟೆ. ಒಂದು ನೋಟ್‌ಬುಕ್ ತಗೊಂಡು ಹೌಸ್ ಸರ್ಜನ್ಸಿಯ ಒಂದು ವರ್ಷವನ್ನು ಮತ್ತೆ ನೆನಪು ಮಾಡಿಕೊಳ್ಳಲು ಕೂತೆ. ಮೆಡಿಸಿನ್, ಸರ್ಜರಿ, ಹೆರಿಗೆ ವಾರ್ಡ್, ಕ್ಯಾಶುವಾಲ್ಟಿ, ಹೀಗೆ ಪೋಸ್ಟಿಂಗ್ ಪ್ರಕಾರ ಹೋದೆ. ಪ್ರತಿ ಪೋಸ್ಟಿಂಗ್‌ನಲ್ಲಿ ಯಾವ ರೋಗಿಯ ಮುಖ ಇನ್ನೂ ನೆನಪಿದೆ ಅಂತ ಮಾತ್ರ ಕೇಳಿಕೊಂಡೆ. ಹೆಸರು ಬರೆಯಲಿಲ್ಲ. ವಯಸ್ಸು, ಕಾಯಿಲೆ, ನಾನು ಏನು ಮಾಡಿದೆ, ಯಾರು ಏನಂದರು, ಇಷ್ಟೇ. ಐದಾರು ದಿನದಲ್ಲಿ ಹದಿನೆಂಟು ಘಟನೆ ಸಿಕ್ಕವು. ಆಮೇಲೆ ಆ ಅರವತ್ತು ಪ್ರಶ್ನೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ, ಆರೇಳು ಘಟನೆಗಳಲ್ಲೇ ಹೆಚ್ಚುಕಮ್ಮಿ ಎಲ್ಲಕ್ಕೂ ಉತ್ತರ ಇತ್ತು. ಒಂದೇ ರಾತ್ರಿಯ ಕತೆ ತಪ್ಪಿನ ಬಗ್ಗೆಯೂ ಹೇಳುತ್ತೆ, ಟೀಂ ಬಗ್ಗೆಯೂ ಹೇಳುತ್ತೆ, ನಾನು ಏನು ಕಲಿತೆ ಅನ್ನುವುದನ್ನೂ ಹೇಳುತ್ತೆ. ಇಡೀ ಸೀಸನ್‌ನಲ್ಲಿ ನನಗೆ ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದು ಈ ನೋಟ್‌ಬುಕ್.

ಅದರಲ್ಲಿದ್ದ ಒಂದು ಘಟನೆ ಹೇಳುತ್ತೇನೆ. ಮೆಡಿಸಿನ್ ವಾರ್ಡಿನ ನೈಟ್ ಡ್ಯೂಟಿ. ಹಾರ್ಟ್ ಫೇಲ್ಯೂರ್ ಇದ್ದ ಒಬ್ಬ ಅಜ್ಜ, ಕಾಲು ಊದಿತ್ತು, ಉಸಿರಾಟ ಕಷ್ಟ. ಸಂಜೆ ಮೂತ್ರ ಹೆಚ್ಚಿಸುವ ಔಷಧಿ ಲೇಸಿಕ್ಸ್ 40 ಮಿಲಿಗ್ರಾಂ ಕೊಟ್ಟಿದ್ದೆವು. ರಾತ್ರಿ ಹನ್ನೊಂದಾದರೂ ಮೂತ್ರ ಆಗಿಲ್ಲ. ನಾನು ಚಾರ್ಟ್ ನೋಡಿದೆ, ಬಿಪಿ ನೋಡಿದೆ, ಇನ್ನೊಂದು ಡೋಸ್ ಕೊಡಿ ಅಂತ ಬರೆದೆ. ಸಿಸ್ಟರ್ ಔಷಧಿ ತಯಾರು ಮಾಡಲಿಲ್ಲ. ನನ್ನ ಮುಖ ನೋಡಿ ನಿಧಾನವಾಗಿ ಕೇಳಿದರು: ‘ಹೊಟ್ಟೆ ಮುಟ್ಟಿ ನೋಡಿದ್ರಾ ಡಾಕ್ಟ್ರೇ?’ ನೋಡಿರಲಿಲ್ಲ. ಹೋಗಿ ಕೈ ಇಟ್ಟೆ. ಹೊಕ್ಕಳಿನ ಕೆಳಗೆ ಗಟ್ಟಿಯಾಗಿ, ದುಂಡಗೆ ತುಂಬಿಕೊಂಡಿತ್ತು. ಕಿಡ್ನಿ ಮೂತ್ರ ಮಾಡಿದೆ, ಅದು ಆಚೆ ಬರಲು ಆಗುತ್ತಿಲ್ಲ. ಅಜ್ಜನಿಗೆ ಪ್ರಾಸ್ಟೇಟ್ ತೊಂದರೆ ಇತ್ತು, ಅದನ್ನು ನಾನು ಕೇಳಿಯೇ ಇರಲಿಲ್ಲ. ಮೂತ್ರದ ನಳಿಕೆ (ಕ್ಯಾಥೆಟರ್) ಹಾಕಿದ ಮೇಲೆ ಒಂಬೈನೂರು ಮಿಲಿಲೀಟರ್ ಬಂತು. ಅಜ್ಜ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರು ಬಿಟ್ಟರು. ನಾನು ಬರೆದ ಎರಡನೇ ಡೋಸ್ ಕೊಟ್ಟಿದ್ದರೆ ಅವರ ಸಂಕಟ ಇನ್ನೂ ಹೆಚ್ಚುತ್ತಿತ್ತು.

ಇದನ್ನು ಮೊದಲ ಸಲ ಗೆಳತಿಗೆ ಇಂಗ್ಲಿಷ್‌ನಲ್ಲಿ ಹೇಳಿದಾಗ ಐದು ನಿಮಿಷ ಆಯಿತು. ಅದರಲ್ಲಿ ಮೂರು ನಿಮಿಷ ನಾನು ಯಾಕೆ ಹಾಗೆ ಮಾಡಿದೆ ಅನ್ನುವ ಸಮಜಾಯಿಷಿ. ವಾರ್ಡಿನಲ್ಲಿ ರೋಗಿಗಳು ಎಷ್ಟಿದ್ದರು, ನಾನು ಎಷ್ಟು ಗಂಟೆಯಿಂದ ನಿದ್ದೆಗೆಟ್ಟಿದ್ದೆ, ಇಂಥವು. ಅದೆಲ್ಲ ನಿಜವೇ. ಆದರೆ ಕೇಳುವವರ ಕಿವಿಗೆ ಅದು ತಪ್ಪಿಸಿಕೊಳ್ಳುವ ಮಾತಾಗಿ ಬೀಳುತ್ತೆ. ಒಂದೊಂದೇ ತೆಗೆದೆ. ಕೊನೆಗೆ ಎರಡು ನಿಮಿಷಕ್ಕೆ ಬಂತು: ಏನಾಯಿತು, ನಾನು ಏನು ಬಿಟ್ಟೆ, ಯಾರು ಹಿಡಿದರು, ಆಮೇಲೆ ನಾನು ಏನು ಬದಲಿಸಿಕೊಂಡೆ. ವಾಕ್ಯಗಳನ್ನು ಬಾಯಿಪಾಠ ಮಾಡಲಿಲ್ಲ. ಅಜ್ಜನ ಮುಖ ನೆನಪಿದ್ದರೆ ಮಾತು ತಾನಾಗಿ ಬರುತ್ತಿತ್ತು. ಪ್ರತಿ ಸಲವೂ ಸ್ವಲ್ಪ ಬೇರೆ ಪದ, ಅದೇ ಕತೆ.

ನವೆಂಬರ್‌ನ ಒಂದು ಇಂಟರ್ವ್ಯೂನಲ್ಲಿ ‘ನೀವು ಮಾಡಿದ ಒಂದು ತಪ್ಪು ಹೇಳಿ’ ಅನ್ನುವ ಪ್ರಶ್ನೆ ಬಂತು. ಹೇಳಿದೆ. ಎದುರಿಗಿದ್ದ ಹಿರಿಯ ವೈದ್ಯೆ ಬರೆದುಕೊಳ್ಳುವುದನ್ನು ನಿಲ್ಲಿಸಿ, ‘ಆ ನರ್ಸ್‌ಗೆ ನೀವು ಆಮೇಲೆ ಏನು ಹೇಳಿದಿರಿ?’ ಅಂತ ಕೇಳಿದರು. ಇದು ನನ್ನ ಯಾವ ತಯಾರಿಯಲ್ಲೂ ಇರಲಿಲ್ಲ. ಒಂದು ಕ್ಷಣ ಸುಮ್ಮನಾದೆ. ಆಮೇಲೆ ಇದ್ದದ್ದನ್ನೇ ಹೇಳಿದೆ. ಆ ರಾತ್ರಿ ಏನೂ ಹೇಳಲಿಲ್ಲ, ನಾಚಿಕೆ ಆಗಿತ್ತು. ಮೂರು ದಿನ ಬಿಟ್ಟು ಮತ್ತೆ ಅವರ ಜೊತೆ ಡ್ಯೂಟಿ ಬಿದ್ದಾಗ ಥ್ಯಾಂಕ್ಸ್ ಹೇಳಿದೆ, ನಿಮಗೆ ಹೇಗೆ ಅನುಮಾನ ಬಂತು ಅಂತ ಕೇಳಿದೆ. ಅಜ್ಜ ಪದೇ ಪದೇ ಲುಂಗಿ ಸಡಿಲ ಮಾಡಿಕೊಳ್ಳುತ್ತಿದ್ದರಂತೆ. ಅವರು ಅದನ್ನು ನೋಡಿದ್ದರು, ನಾನು ನೋಡಿರಲಿಲ್ಲ. ಆ ವೈದ್ಯೆ ನಕ್ಕು, ತಮ್ಮ ಇಂಟರ್ನ್ ದಿನಗಳ ಒಂದು ಘಟನೆ ಹೇಳಿದರು. ಉಳಿದ ಹತ್ತು ನಿಮಿಷ ನಾವು ಇಬ್ಬರು ಡಾಕ್ಟರುಗಳ ಹಾಗೆ ಮಾತಾಡಿದೆವು. ನಿಜವಾಗಿ ನಡೆದದ್ದನ್ನು ಹೇಳಿದ್ದರಿಂದಲೇ ಅವರ ಮರುಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇತ್ತು. ಕಟ್ಟಿದ ಕತೆ ಆಗಿದ್ದರೆ ಅಲ್ಲೇ ಕುಸಿಯುತ್ತಿತ್ತು.

ಅರ್ಜಿಯ ವಿಷಯಕ್ಕೆ ಬರುತ್ತೇನೆ. ಇಂಟರ್ವ್ಯೂ ಮಾಡುವವರ ಎದುರು ನಮ್ಮ ಅರ್ಜಿ ತೆರೆದಿರುತ್ತೆ. ನಾನು ಅರ್ಜಿ ಹಾಕಿದ ವರ್ಷದಿಂದ ಅನುಭವಗಳ ಪಟ್ಟಿಯಲ್ಲಿ 10ಕ್ಕಿಂತ ಹೆಚ್ಚು ಬರೆಯುವಂತಿರಲಿಲ್ಲ, ಅದರಲ್ಲಿ 3 ಮುಖ್ಯವಾದವು ಅಂತ ಗುರುತು ಮಾಡಬೇಕಿತ್ತು. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕ ಕೊಡುವುದೂ ನಿಂತಿದೆ, ಪಾಸ್ ಅಥವಾ ಫೇಲ್ ಅಷ್ಟೇ. ಹಾಗಾಗಿ ಬರೆದ ಸಾಲುಗಳ ಮೇಲೆ ಕಣ್ಣು ಜಾಸ್ತಿ ಬೀಳುತ್ತೆ. ನಾನು ಅರ್ಜಿಯನ್ನು ಪ್ರಿಂಟ್ ತೆಗೆದು ಪ್ರತಿ ಸಾಲಿನ ಪಕ್ಕ ಒಂದು ಪ್ರಶ್ನೆ ಬರೆದೆ. ಡೆಂಗಿ ಬಗ್ಗೆ ಒಂದು ಪೋಸ್ಟರ್ ಮಾಡಿದ್ದೆ, ನಾಲ್ಕು ಜನ ಸೇರಿ. ‘ಇದರಲ್ಲಿ ನೀವೇ ಕೈಯಾರೆ ಮಾಡಿದ್ದು ಏನು?’ ಅಂತ ಬರೆದುಕೊಂಡೆ. ಎರಡು ಕಡೆ ಸರಿಯಾಗಿ ಅದನ್ನೇ ಕೇಳಿದರು. ಕೇಸ್ ಶೀಟುಗಳಿಂದ ಪ್ಲೇಟ್‌ಲೆಟ್ ಎಣಿಕೆ ತೆಗೆದು ತುಂಬಿಸಿದ್ದು ನಾನು, ಲೆಕ್ಕ ಮಾಡಿದ್ದು ಬೇರೆಯವರು ಅಂದೆ. ಅದರಿಂದ ಏನೂ ನಷ್ಟ ಆಗಲಿಲ್ಲ.

ಎಂಬಿಬಿಎಸ್ ಮುಗಿದ ಮೇಲಿನ ಗ್ಯಾಪ್ ಬಗ್ಗೆ ಎಲ್ಲರಿಗೂ ಭಯ ಇರುತ್ತೆ ಅಲ್ವಾ, ನನಗೂ ಇತ್ತು. ಎರಡು ವಾಕ್ಯದ ಉತ್ತರ ಇಟ್ಟುಕೊಂಡೆ. ಓದುತ್ತಿದ್ದೆ, ಜೊತೆಗೆ ಒಂದು ಕ್ಲಿನಿಕ್‌ನಲ್ಲಿ ಕೆಲಸ ಮಾಡುತ್ತಿದ್ದೆ. ಅಲ್ಲಿಗೆ ನಿಲ್ಲಿಸಿದೆ. ಉದ್ದ ಎಳೆದಷ್ಟೂ ಅದು ದೊಡ್ಡ ಸಮಸ್ಯೆಯಾಗಿ ಕಾಣುತ್ತೆ.

‘ಈ ಪ್ರೋಗ್ರಾಂ ಯಾಕೆ?’ ಅನ್ನುವುದಕ್ಕೆ ಒಂದೊಂದು ಇಂಟರ್ವ್ಯೂಗೂ ಎರಡು ಗಂಟೆ ಕೊಟ್ಟೆ. ವೆಬ್‌ಸೈಟ್ ಪೂರ್ತಿ ಓದಿದೆ. ಬರೀ ಹೊಗಳಿಕೆ ಬಿಟ್ಟು ಕೆಲಸದ ವಿವರ ಹುಡುಕಿದೆ. 4+1 ಪದ್ಧತಿ ಇದೆಯೇ, ಅಂದರೆ ನಾಲ್ಕು ವಾರ ವಾರ್ಡು, ಒಂದು ವಾರ ಕ್ಲಿನಿಕ್. ಐಸಿಯು ‘ಓಪನ್’ ಬಗೆಯದೋ ‘ಕ್ಲೋಸ್ಡ್’ ಬಗೆಯದೋ, ಅಂದರೆ ಅಲ್ಲಿನ ರೋಗಿಯ ಜವಾಬ್ದಾರಿ ವಾರ್ಡಿನ ಟೀಂನದೋ ಐಸಿಯು ತಜ್ಞರದೋ. ಕ್ಲಿನಿಕ್‌ಗೆ ಬರುವವರು ಯಾರು, ಯಾವ ಭಾಷೆಯವರು. ಹಿಂದಿನವರು ರೆಸಿಡೆನ್ಸಿ ಮುಗಿಸಿ ಮುಂದಿನ ತರಬೇತಿಗೆ, ಅಂದರೆ ಯಾವ ಫೆಲೋಶಿಪ್‌ಗೆ, ಹೋದರು. ಇದರಲ್ಲಿ ನನಗೆ ನಿಜವಾಗಿ ಬೇಕಾದ ಎರಡು ಸಂಗತಿ ಆರಿಸಿ, ಅದು ನನಗೆ ಯಾಕೆ ಬೇಕು ಅಂತ ಹೇಳುತ್ತಿದ್ದೆ. ಕೊನೆಯಲ್ಲಿ ನಮ್ಮನ್ನೂ ‘ಏನಾದರೂ ಕೇಳುವುದಿದೆಯೇ’ ಅನ್ನುತ್ತಾರೆ. ಇಲ್ಲ ಅನ್ನಬಾರದು. ಪ್ರೋಗ್ರಾಂ ಡೈರೆಕ್ಟರ್‌ಗೆ ಒಂದು ಪ್ರಶ್ನೆ, ಅಲ್ಲಿ ತರಬೇತಿಯಲ್ಲಿರುವ ರೆಸಿಡೆಂಟ್‌ಗಳಿಗೆ ಬೇರೆ. ರೆಸಿಡೆಂಟ್‌ಗಳ ಕೆಲಸಕ್ಕೆ ವಾರಕ್ಕೆ 80 ಗಂಟೆಯ ಮಿತಿ ಇದೆ, ನಾಲ್ಕು ವಾರದ ಸರಾಸರಿಯಲ್ಲಿ. ಅದು ಪಾಲನೆ ಆಗುತ್ತಾ ಅಂತ ನೇರವಾಗಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ನಾನು ರೆಸಿಡೆಂಟ್‌ಗಳನ್ನು ಕೇಳುತ್ತಿದ್ದದ್ದು ಹೀಗೆ: ‘ನೈಟ್‌ನಲ್ಲಿ ರೋಗಿಯ ಸ್ಥಿತಿ ಕೆಟ್ಟರೆ ಮೊದಲು ಯಾರಿಗೆ ಫೋನ್ ಮಾಡ್ತೀರಿ, ಅವರು ಎಷ್ಟು ಹೊತ್ತಿಗೆ ಬರ್ತಾರೆ?’ ಈ ಪ್ರಶ್ನೆಗೆ ಅವರ ಮುಖವೇ ಉತ್ತರ ಕೊಡುತ್ತಿತ್ತು.

ಸಮಯದ ಲೆಕ್ಕದಲ್ಲಿ ನಾನು ಎಡವಿದ್ದನ್ನು ಹೇಳಲೇಬೇಕು. ಅಕ್ಟೋಬರ್‌ನಲ್ಲಿ ಅಮೆರಿಕದ ಈಸ್ಟರ್ನ್ ಟೈಮ್ ಬೆಳಿಗ್ಗೆ 8 ಅಂದರೆ ನಮಗೆ ಸಂಜೆ 5.30. ಎಲ್ಲ ಆನ್‌ಲೈನ್ ಇಂಟರ್ವ್ಯೂಗಳನ್ನೂ ಅದೇ ಲೆಕ್ಕದಲ್ಲಿ ಕ್ಯಾಲೆಂಡರ್‌ಗೆ ಬರೆದೆ. ಆದರೆ ನವೆಂಬರ್‌ನ ಮೊದಲ ಭಾನುವಾರ ಅವರು ಗಡಿಯಾರವನ್ನು ಒಂದು ಗಂಟೆ ಹಿಂದೆ ಇಡುತ್ತಾರೆ, 2023ರಲ್ಲಿ ಅದು 5ನೇ ತಾರೀಕು. ಆಮೇಲೆ ಅದೇ 8 ಗಂಟೆ ನಮಗೆ 6.30. ಆ ವಾರದ ಇಂಟರ್ವ್ಯೂಗೆ ಕೋಟು ಹಾಕಿಕೊಂಡು 5.15ಕ್ಕೇ ಕೂತೆ. ಲಿಂಕ್ ತೆರೆಯುತ್ತಿಲ್ಲ. ಗಾಬರಿಯಾಗಿ ಕೋಆರ್ಡಿನೇಟರ್‌ಗೆ ಎರಡು ಮೇಲ್ ಹಾಕಿದೆ. ಅಲ್ಲಿ ಬೆಳಿಗ್ಗೆ ಏಳೂ ಆಗಿರಲಿಲ್ಲ. ಪಾಪ, ಆಕೆ ಮನೆಯಿಂದಲೇ ಶಾಂತವಾಗಿ ಉತ್ತರ ಕೊಟ್ಟರು. ಇಂಟರ್ವ್ಯೂ ಶುರುವಾಗುವ ಹೊತ್ತಿಗೆ ನನ್ನ ಗಂಟಲು ಒಣಗಿತ್ತು, ಮೊದಲ ಇಪ್ಪತ್ತು ನಿಮಿಷ ಚೆನ್ನಾಗಿ ಆಗಲಿಲ್ಲ. ಅವತ್ತಿನಿಂದ ಕ್ಯಾಲೆಂಡರ್‌ನಲ್ಲಿ ಅಮೆರಿಕದ ಸಮಯವನ್ನೇ ಬರೆದು, ಪರಿವರ್ತನೆ ಫೋನಿಗೆ ಬಿಟ್ಟೆ.

ರೂಮಿನ ತಯಾರಿ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಲ್ಯಾಪ್‌ಟಾಪ್ ಕಣ್ಣಿನ ಎತ್ತರಕ್ಕೆ, ಬೆಳಕು ಮುಖದ ಎದುರಿಗೆ. ರೌಟರ್‌ಗೆ ಸಣ್ಣ ಯುಪಿಎಸ್, ಕರೆಂಟ್ ಹೋದರೂ ಸಂಪರ್ಕ ಕಡಿಯಬಾರದು. ಮೊಬೈಲ್ ಹಾಟ್‌ಸ್ಪಾಟ್ ರೆಡಿ. ಕೋಆರ್ಡಿನೇಟರ್ ಫೋನ್ ನಂಬರ್ ಕಾಗದದ ಮೇಲೆ. ಗೋಡೆಗೆ ಚೀಟಿ ಅಂಟಿಸಬೇಡಿ. ಕಣ್ಣು ಅಲ್ಲಿಗೆ ಹೋದದ್ದು ಎದುರಿನವರಿಗೆ ಗೊತ್ತಾಗುತ್ತೆ.

ವೀಸಾ ಪ್ರಶ್ನೆ ಬಂದೇ ಬರುತ್ತೆ. ಜೆ-1 ವೀಸಾಕ್ಕೆ ಸ್ಪಾನ್ಸರ್ ಮಾಡುವುದು ಇಸಿಎಫ್‌ಎಂಜಿ, ಅದರಲ್ಲಿ ತರಬೇತಿ ಮುಗಿಸಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು ಅಥವಾ ಅದರಿಂದ ವಿನಾಯಿತಿ (ವೇವರ್) ಪಡೆಯಬೇಕು. ಎಚ್-1ಬಿ ವೀಸಾ ಬೇಕಾದರೆ ಸ್ಟೆಪ್ 3 ಪಾಸಾಗಿರಬೇಕು. ನಮ್ಮ ಸ್ಥಿತಿ ಏನು ಅಂತ ಒಂದೇ ಉಸಿರಿಗೆ ಸ್ಪಷ್ಟವಾಗಿ ಹೇಳಲು ಬರಬೇಕು. ಬೇರೆ ಯಾವ ಪ್ರೋಗ್ರಾಂಗಳಲ್ಲಿ ಇಂಟರ್ವ್ಯೂ ಆಗಿದೆ ಅಂತ ಮಾತ್ರ ಅವರು ಕೇಳುವ ಹಾಗಿಲ್ಲ, ಮ್ಯಾಚ್ ನಿಯಮದಲ್ಲೇ ಅದಕ್ಕೆ ತಡೆ ಇದೆ. ಮ್ಯಾಚ್ ಅಂದರೆ ಅಭ್ಯರ್ಥಿಗಳ ಮತ್ತು ಪ್ರೋಗ್ರಾಂಗಳ ಆಯ್ಕೆಯ ಪಟ್ಟಿಗಳನ್ನು ಕಂಪ್ಯೂಟರ್‌ನಲ್ಲಿ ಹೊಂದಿಸಿ ಯಾರಿಗೆ ಎಲ್ಲಿ ಅಂತ ತೀರ್ಮಾನಿಸುವ ಪದ್ಧತಿ. ಒಂದು ಕಡೆ ಮಾತಿನ ಮಧ್ಯೆ ಕೇಳಿದರು. ‘ನನಗೆ ನಿಮ್ಮ ಪ್ರೋಗ್ರಾಂ ಬಗ್ಗೆ ಇನ್ನಷ್ಟು ತಿಳಿಯುವ ಆಸೆ ಇದೆ’ ಅಂತ ಹೇಳಿ ಅಲ್ಲಿಂದ ದಾಟಿದೆ. ಅವರೂ ಮತ್ತೆ ಕೇಳಲಿಲ್ಲ.

ಪ್ರತಿ ಇಂಟರ್ವ್ಯೂ ಮುಗಿದ ಹತ್ತು ನಿಮಿಷದೊಳಗೆ, ಕೋಟು ಬಿಚ್ಚುವ ಮೊದಲೇ, ಅದೇ ನೋಟ್‌ಬುಕ್‌ನ ಹಿಂಬದಿಯಲ್ಲಿ ಬರೆಯುತ್ತಿದ್ದೆ. ಯಾರು ಏನು ಕೇಳಿದರು, ರೆಸಿಡೆಂಟ್‌ಗಳು ಹೇಗಿದ್ದರು, ಮುಗಿದಾಗ ನನಗೆ ಏನನ್ನಿಸಿತು. ಜನವರಿ ಹೊತ್ತಿಗೆ ಎಂಟು ಇಂಟರ್ವ್ಯೂ ಆಗಿದ್ದವು. ಒಂದಕ್ಕೊಂದು ಕಲಸಿಹೋಗಿದ್ದವು. ಆ ಬರಹ ಇಲ್ಲದಿದ್ದರೆ ನಾನು ಹೆಸರು ನೋಡಿ ಕ್ರಮ ಹಾಕಿಬಿಡುತ್ತಿದ್ದೆ.

ರ‍್ಯಾಂಕ್ ಲಿಸ್ಟ್‌ಗೆ, ಅಂದರೆ ನಮ್ಮ ಆಯ್ಕೆಯ ಪಟ್ಟಿ ಕೊಡಲು, 2024ರ ಫೆಬ್ರವರಿ 28 ಕೊನೆಯ ದಿನವಾಗಿತ್ತು. ‘ಇಲ್ಲಿ ಸಿಗೋದು ಕಷ್ಟ, ಇದನ್ನ ಕೆಳಗೆ ಹಾಕು’ ಅಂತ ಸಲಹೆ ಕೊಟ್ಟವರು ಬಹಳ ಜನ. ಮ್ಯಾಚ್‌ನ ಲೆಕ್ಕಾಚಾರ ಅಭ್ಯರ್ಥಿಯ ಪಟ್ಟಿಯಿಂದ ಶುರುವಾಗುತ್ತೆ. ನಮ್ಮ ಮೊದಲ ಆಯ್ಕೆ ಸಿಗದಿದ್ದರೆ ಎರಡನೆಯದಕ್ಕೆ ಹೋಗುತ್ತೆ, ಆ ಎರಡನೆಯದರಲ್ಲಿ ನಮ್ಮ ಅವಕಾಶ ಅದರಿಂದ ಕಮ್ಮಿ ಆಗಲ್ಲ. ಈ ಲೆಕ್ಕಾಚಾರವನ್ನು ಈಗಿನ ರೂಪಕ್ಕೆ ತಂದವರಲ್ಲಿ ಒಬ್ಬರಾದ ಆಲ್ವಿನ್ ರಾತ್ ಅವರಿಗೆ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಹಾಗಾಗಿ ಊಹೆ ಮಾಡದೆ ಮನಸ್ಸಿಗೆ ಬೇಕಾದ ಕ್ರಮದಲ್ಲೇ ಹಾಕಬೇಕು.

ನಾಲ್ಕನೆಯದಾಗಿ ಇಟ್ಟಿದ್ದ ಒಂದು ಸಣ್ಣ ಕಮ್ಯುನಿಟಿ ಆಸ್ಪತ್ರೆಯ ಬಗ್ಗೆ ನೋಟ್‌ಬುಕ್‌ನಲ್ಲಿ ಬರೆದಿದ್ದ ಪುಟವನ್ನು ಪಟ್ಟಿ ಹಾಕುವ ರಾತ್ರಿ ಮತ್ತೆ ಓದಿದೆ. ನರ್ಸ್ ಬಗ್ಗೆ ಕೇಳಿದ ವೈದ್ಯೆಯ ಪ್ರೋಗ್ರಾಂ ಅದು. ‘ಇವರ ಹತ್ತಿರ ತಪ್ಪಾದರೆ ಹೇಳಬಹುದು’ ಅಂತ ಬರೆದಿದ್ದೆ, ಕೆಳಗೆ ಎರಡು ಗೆರೆ ಎಳೆದಿದ್ದೆ. ಅದನ್ನು ಒಂದನೇ ಸ್ಥಾನಕ್ಕೆ ತಂದು ಪಟ್ಟಿ ಸರ್ಟಿಫೈ ಮಾಡಿದೆ. ಮಾರ್ಚ್ 11ರ ಸೋಮವಾರ ಮ್ಯಾಚ್ ಆಗಿದೆ ಅಂತ ಮಾತ್ರ ಗೊತ್ತಾಯಿತು. ಎಲ್ಲಿ ಅನ್ನುವುದಕ್ಕೆ ಶುಕ್ರವಾರದವರೆಗೆ ಕಾಯಬೇಕಿತ್ತು. 15ರ ರಾತ್ರಿ ಮೇಲ್ ಬಂದಾಗ ಗೆಳತಿ ಜೂಮ್‌ನಲ್ಲಿದ್ದಳು. ಆಸ್ಪತ್ರೆಯ ಹೆಸರನ್ನು ಅವಳಿಗೆ ಎರಡು ಸಲ ಓದಿ ಹೇಳಿದೆ.