ತೂತು ಕೊರೆಯದೆ ತಾರಸಿಯಲ್ಲಿ ಡಿಶ್: ಬಾಡಿಗೆದಾರರಿಗೆ ಸೊಸೈಟಿಯ ಒಪ್ಪಿಗೆ ಸಿಕ್ಕಿದ ಬಗೆ

ಮುಂಬಯಿಯ ಮುಲುಂಡ್ ಪೂರ್ವದ ಏಳು ಮಹಡಿಯ ಒಂದು ವಸತಿ ಸೊಸೈಟಿಯಲ್ಲಿ ಹನ್ನೊಂದು ಬಾಡಿಗೆ ಮನೆಗಳು ಎರಡೇ ಡಿಶ್‌ನಲ್ಲಿ ಟಿವಿ ನೋಡುತ್ತಿವೆ. ತಾರಸಿಯಲ್ಲಿ ಒಂದು ತೂತಿಲ್ಲ, ರಸ್ತೆಯ ಕಡೆಯ ಗೋಡೆಯಲ್ಲಿ ಒಂದು ವೈರ್ ನೇತಾಡುತ್ತಿಲ್ಲ. ಭಾರದಿಂದಲೇ ನಿಲ್ಲುವ ಸ್ಟ್ಯಾಂಡಿನ ಮೇಲೆ 2019ರ ದೀಪಾವಳಿಯ ಹೊತ್ತಿಗೆ ನಾನೇ ಕೂರಿಸಿದ್ದು. "ಮೊದಲ ಗಾಳಿಗೇ ಹಾರಿ ಯಾರ ತಲೆಯ ಮೇಲಾದರೂ ಬೀಳುತ್ತದೆ, ನೋಡುತ್ತಿರಿ" ಎಂದು ಆಗ ಹೇಳಿದವರು ಡಿಶ್ ಕೂರಿಸುವ ನಮ್ಮ ಕಸುಬಿನವರೇ. ಕಳೆದ ತಿಂಗಳು ಅವರಲ್ಲೇ ಒಬ್ಬರು ಫೋನ್ ಮಾಡಿ, "ಅಣ್ಣ, ಆ ಸ್ಟ್ಯಾಂಡಿನ ಅಳತೆ ಸ್ವಲ್ಪ ಹೇಳಿ" ಎಂದರು. ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಬರೆದೇ ಬಿಡುತ್ತಿದ್ದೇನೆ.

ಮುಂಬಯಿಯಲ್ಲಿ ಡಿಶ್ ಕೂರಿಸುವವರಿಗೆ ದಿಕ್ಕಿನ ಕಷ್ಟ ಹೇಳಬೇಕಾಗಿಲ್ಲ. ತಿಂಗಳ ಹಣ ಕಟ್ಟುವ ಸೇವೆಯ ಉಪಗ್ರಹ, 83 ಡಿಗ್ರಿ ಪೂರ್ವದ್ದಾದರೆ, ಡಿಶ್ ಅನ್ನು ಉತ್ತರದಿಂದ ಸುಮಾರು 151 ಡಿಗ್ರಿಗೆ ತಿರುಗಿಸಿ ನೆಲಮಟ್ಟದಿಂದ 65ಕ್ಕೆ ಎತ್ತಬೇಕು, ದೂರದರ್ಶನದ ಉಚಿತ ಸೇವೆಯಾದ ಫ್ರೀ ಡಿಶ್‌ನ 93.5 ಆದರೆ 131ಕ್ಕೆ ತಿರುಗಿಸಿ 57-58ಕ್ಕೆ ಎತ್ತಬೇಕು. ಎಲ್ಲವೂ ಆಗ್ನೇಯದ ಕಡೆಗೇ. ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯವರು ಏನು ಮಾಡಬೇಕು? ಈ ಕಟ್ಟಡದ ಹನ್ನೊಂದು ಬಾಡಿಗೆ ಮನೆಗಳಲ್ಲಿ ಏಳು ಪಶ್ಚಿಮಕ್ಕಿದ್ದವು. ಅವರಿಗೆ ತಾರಸಿಯೇ ಗತಿ. ತಾರಸಿಯ ಬೀಗದ ಕೈ ಕೇಳಿದರೆ ಕಮಿಟಿಯವರ ಉತ್ತರ ಒಂದೇ: ಭಾಡೇಕರು, ಅಂದರೆ ಬಾಡಿಗೆಯವರು, ಅವರಿಗೆ ಗಚ್ಚಿ, ಅಂದರೆ ತಾರಸಿ, ಇಲ್ಲ.

ಮೊದಮೊದಲು ನಾನು ಹಕ್ಕಿನ ಮಾತಾಡುತ್ತಿದ್ದೆ. 2012ರ ಸುಮಾರಿಗೆ ಘಾಟ್ಕೋಪರ್‌ನಲ್ಲಿ ಒಬ್ಬ ಬಾಡಿಗೆದಾರರ ಮಗ, ಇಂಜಿನಿಯರ್ ಹುಡುಗ, ಅಮೆರಿಕದ ನಿಯಮವೊಂದನ್ನು ಪ್ರಿಂಟ್ ಹಾಕಿಸಿಕೊಂಡು ಬಂದ. ಅಲ್ಲಿನ ಸಂಪರ್ಕ ಆಯೋಗ 1996ರಲ್ಲಿ ಮಾಡಿದ ನಿಯಮ, 1999ರಿಂದ ಬಾಡಿಗೆದಾರರಿಗೂ ಅನ್ವಯ. ಒಂದು ಮೀಟರ್‌ವರೆಗಿನ ಡಿಶ್ ಹಾಕುವುದನ್ನು ಮನೆಯ ಮಾಲೀಕ ತಡೆಯುವಂತಿಲ್ಲ. ಅದನ್ನು ಹಿಡಿದುಕೊಂಡು ನಾವಿಬ್ಬರೂ ಚೇರ್‌ಮನ್ ಮನೆಗೆ ಹೋದೆವು. ಆ ಹಿರಿಯರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಒಂದು ಸಾಲಿನ ಕೆಳಗೆ ಪೆನ್ಸಿಲ್‌ನಿಂದ ಗೆರೆ ಎಳೆದು ಕಾಗದವನ್ನು ನಮ್ಮ ಕೈಗೇ ಕೊಟ್ಟರು. ಬಾಡಿಗೆದಾರನೊಬ್ಬನೇ ಬಳಸುವ ಬಾಲ್ಕನಿ, ಅಂಗಳಗಳಿಗೆ ಮಾತ್ರ ಆ ನಿಯಮ. ಎಲ್ಲರಿಗೂ ಸೇರಿದ ಛಾವಣಿ, ಹೊರಗೋಡೆಗಳಿಗೆ ಅದು ಅನ್ವಯಿಸುವುದಿಲ್ಲ. ಅವರು ಎಳೆದ ಗೆರೆ ಸರಿಯಾಗಿಯೇ ಇತ್ತು. ಅಷ್ಟು ದೂರದ ದೇಶದಲ್ಲೂ ಸಿಗದ ತಾರಸಿಯನ್ನು ವಾದ ಮಾಡಿ ಇಲ್ಲಿ ಪಡೆಯಲಾಗದು ಎಂದು ಮೆಟ್ಟಿಲಿಳಿಯುವಾಗಲೇ ಅನಿಸಿತು.

ನಮ್ಮ ಕಡೆ 1960ರ ಮಹಾರಾಷ್ಟ್ರ ಸಹಕಾರಿ ಸಂಘಗಳ ಕಾಯ್ದೆ, ಅದರಡಿಯ ಬೈಲಾ. ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಬಾಡಿಗೆ ಕರಾರಿನವರು ಸೊಸೈಟಿಯ ಸದಸ್ಯರಲ್ಲ, ಸಭೆಯಲ್ಲಿ ಅವರಿಗೆ ಮತವಿಲ್ಲ. "ನಮ್ಮ ಹೆಸರಿನಲ್ಲಿ ನಾನ್ ಆಕ್ಯುಪೆನ್ಸಿ ಕಟ್ಟುತ್ತಾರಲ್ಲ" ಎಂದು ಬಾಡಿಗೆಯವರು ನನ್ನೊಡನೆ ಜಗಳಕ್ಕೆ ಬರುತ್ತಾರೆ. ಅದು ಮನೆಯನ್ನು ಬಾಡಿಗೆಗೆ ಕೊಟ್ಟಿದ್ದಕ್ಕೆ ಮಾಲೀಕರು ಸೊಸೈಟಿಗೆ ಕಟ್ಟುವ ಹಣ, ಸೇವಾ ಶುಲ್ಕದ ಶೇ. 10ನ್ನು ಮೀರುವಂತಿಲ್ಲ, ಅದರಿಂದ ತಾರಸಿ ಸಿಗುವುದಿಲ್ಲ. ಆದ್ದರಿಂದ ಅರ್ಜಿ ಮಾಲೀಕರ ಸಹಿಯಲ್ಲೇ ಹೋಗಬೇಕು. ಈ ಒಂದು ಕಾಗದ ಇಲ್ಲದೆ ಹೋಗಿ ಎಷ್ಟು ಕಡೆ ವಾಪಸು ಬಂದಿದ್ದೇನೋ ಲೆಕ್ಕವಿಲ್ಲ.

ಕಮಿಟಿಯವರು ಹೆದರುವುದು ಡಿಶ್‌ಗಲ್ಲ, ಸೋರುವುದಕ್ಕೆ. ಇದನ್ನು ನಾನು ಕಲಿತದ್ದು 2014ರಲ್ಲಿ ಭಾಂಡುಪ್‌ನಲ್ಲಿ. ತಾರಸಿಯ ಕೋಬಾದಲ್ಲಿ, ಅಂದರೆ ನೀರು ಇಳಿಯದಂತೆ ಹಾಕಿದ ಮೇಲ್ಪದರದಲ್ಲಿ, ನಾಲ್ಕು ಆಂಕರ್ ಬೋಲ್ಟ್ ಇಳಿಸಿ, ಸುತ್ತ ಸಿಲಿಕಾನ್ ಬಳಿದು, ಕೈ ತೊಳೆದುಕೊಂಡು ಬಂದೆ. ಜುಲೈ ಎರಡನೇ ವಾರ ಮೇಲಿನ ಮಹಡಿಯ ಮಲಗುವ ಕೋಣೆಯ ಚಾವಣಿಯಲ್ಲಿ ಚಹಾ ಬಣ್ಣದ ಒಂದು ಉಂಗುರ ಕಾಣಿಸಿತಂತೆ, ಊಟದ ತಟ್ಟೆಯಷ್ಟು. ನಾಲ್ಕು ದಿನದಲ್ಲಿ ಅದರ ನಡು ಉಬ್ಬಿತು. ಒಂದು ಬೆಳಿಗ್ಗೆ ಪ್ಲಾಸ್ಟರ್ ಸಿಪ್ಪೆ ಬಿಟ್ಟು ಹಾಸಿಗೆಯ ಮೇಲೆ ಬಿತ್ತು. ಮಗು ಆಗಷ್ಟೇ ಎದ್ದು ಹೋಗಿತ್ತು. ಕೋಬಾ ಒಡೆದು ಮತ್ತೆ ಕಟ್ಟಿ, ಚಾವಣಿಗೆ ಬಣ್ಣ ಹಚ್ಚಿಸುವಷ್ಟರಲ್ಲಿ ನನ್ನ ಕೈಯಿಂದ ಹದಿನೆಂಟು ಸಾವಿರ ಹೋಯಿತು. ಆ ಡಿಶ್ ಕೂರಿಸಿದ್ದಕ್ಕೆ ನನಗೆ ಸಿಕ್ಕಿದ ಕೂಲಿ 350 ರೂಪಾಯಿ. ಅಂದಿನಿಂದ ಯಾವ ತಾರಸಿಯಲ್ಲೂ ಡ್ರಿಲ್ ಹಿಡಿದಿಲ್ಲ.

ಪ್ಯಾರಪೆಟ್‌ಗೆ ಬಿಗಿದು ನೋಡಿದೆ, ತಾರಸಿಯಂಚಿನ ಆ ಹಳೆಯ ಗೋಡೆ ಬಿರುಕು ಬಿಟ್ಟಿತು. ಕಿಟಕಿಯ ಗ್ರಿಲ್‌ನಿಂದ ಐದು ಅಡಿ ಪೈಪ್ ಚಾಚಿಸಿ ನೋಡಿದೆ, ಬಸ್ ಹೋದಾಗಲೆಲ್ಲ ಚಿತ್ರ ಚೌಕಚೌಕವಾಯಿತು. ಕೊನೆಗೆ ಭಾರದ ಮೇಲೆ ನಿಲ್ಲುವ ಸ್ಟ್ಯಾಂಡ್‌ಗೆ ಬಂದೆ. 35 ಮಿ.ಮೀ. ಕಬ್ಬಿಣದ ಆ್ಯಂಗಲ್‌ನ ಮೂರಡಿ ಚೌಕ, ನಡುವೆ ಎರಡಡಿಯ ಒಂದೂವರೆ ಇಂಚು ಪೈಪ್, ಕಾಲುಗಳ ಕೆಳಗೆ ದಪ್ಪ ರಬ್ಬರ್, ಚೌಕದ ತುಂಬ ಪೇವರ್ ಬ್ಲಾಕ್. ಮೊದಲು 40 ಕಿಲೋ ಹೇರಿದ್ದೆ. ಜೂನ್ ಗಾಳಿಗೆ ಒಂದು ಗೇಣು ಸರಿದಿತ್ತು. ಆಗ ಕುಳಿತು ಲೆಕ್ಕ ಹಾಕಿದೆ: ಎರಡಡಿ ಡಿಶ್‌ನ ಮೇಲೆ ಗಂಟೆಗೆ ನೂರು ಕಿ.ಮೀ. ಗಾಳಿ ಬಂದರೆ ಹದಿನೈದು-ಹದಿನಾರು ಕಿಲೋದ ತಳ್ಳು. ಪೈಪಿನ ಎತ್ತರ ಸೇರಿಸಿದರೆ ಉರುಳದಿರಲು ಮೂವತ್ತು ಕಿಲೋ ಸಾಕು ಎನ್ನುತ್ತದೆ ಕಾಗದ. ನಾನು ಅದರ ಮೂರು ಪಟ್ಟು, 90 ಕಿಲೋ ಹಾಕಿದೆ. ಸ್ಲ್ಯಾಬ್‌ನ ನಡುವೆ ಇಡಬೇಡಿ, ಕೆಳಗೆ ಬೀಮ್ ಇರುವಲ್ಲಿ ಇಡಿ, ನೀರಿನ ಇಳಿಜಾರಿಗೆ ಅಡ್ಡ ಬರದಿರಲಿ. ಬ್ಲಾಕ್‌ಗಳನ್ನು ಯಾರೂ ಎತ್ತಿಕೊಂಡು ಹೋಗದಂತೆ, ಗಾಳಿಗೆ ಕುಣಿಯದಂತೆ ಒಂದಕ್ಕೊಂದು ಹೆಣೆಯುವ ಬಗೆ ಮಾತ್ರ ನನ್ನ ಬಳಿಯೇ ಇರಲಿ. ಅದನ್ನು ಕಂಡುಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು.

ಸ್ಟ್ಯಾಂಡ್ ಸಿದ್ಧವಾದರೂ ಮುಲುಂಡ್‌ನ ಕಮಿಟಿ ಒಪ್ಪಲಿಲ್ಲ. ನನಗೆ ದಾರಿ ತೋರಿಸಿದ್ದು ಅವರದೇ ತಾರಸಿ. ಒಂದು ಮಧ್ಯಾಹ್ನ ವಾಚ್‌ಮನ್ ಜೊತೆ ಮೇಲೆ ಹೋಗಿ ಎಣಿಸಿದೆ. 23 ಡಿಶ್‌ಗಳಿದ್ದವು, ಜೀವವಿದ್ದದ್ದು ಏಳಕ್ಕೆ. ಉಳಿದ ಹದಿನಾರು ಮನೆ ಬಿಟ್ಟುಹೋದ ಬಾಡಿಗೆದಾರರವು. ತುಕ್ಕು ಹಿಡಿದ ತೋಳುಗಳು, ಡಿಶ್‌ನ ಮುಂದೆ ಸಿಗ್ನಲ್ ಹಿಡಿಯುವ ಎಲ್‌ಎನ್‌ಬಿಯ ಮುಚ್ಚಳ ಕಿತ್ತು ಒಳಗೆ ಕಣಜ ಗೂಡು ಕಟ್ಟಿತ್ತು, ಒಂದರ ಬಟ್ಟಲಿನಲ್ಲಿ ಪಾರಿವಾಳದ ಎರಡು ಮೊಟ್ಟೆ. ಪ್ರತಿಯೊಂದರ ಬುಡದಲ್ಲೂ ನಾಲ್ಕು ಬೋಲ್ಟ್, ಅಂದರೆ ಸೊಸೈಟಿಯ ತಲೆಯ ಮೇಲೆ 92 ತೂತು. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಸೆಕ್ರೆಟರಿಯವರಿಗೆ ಕೊಟ್ಟೆ. "ಇವನ್ನೆಲ್ಲ ಉಚಿತವಾಗಿ ಇಳಿಸುತ್ತೇನೆ, ತೂತು ಮುಚ್ಚಿಸುತ್ತೇನೆ. ಬದಲಿಗೆ ಎರಡು ಡಿಶ್‌ಗೆ ಜಾಗ ಕೊಡಿ" ಎಂದೆ. ಮೊದಲ ಸಲ ಅವರು ನನಗೆ ಕುರ್ಚಿ ತೋರಿಸಿದರು.

ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕು, ಅದಕ್ಕೆ ಕಾದೆವು. ಮಾಲೀಕರಲ್ಲಿ ಒಬ್ಬರು ಠರಾವು ಮಂಡಿಸಿದರು. ಷರತ್ತುಗಳು ಹೀಗಿದ್ದವು: ಬಾಡಿಗೆದಾರರಿಗಾಗಿ ಒಟ್ಟು ಎರಡೇ ಡಿಶ್, ತೂತು ಇಲ್ಲ, ಕೇಬಲ್ ಪೈಪುಗಳು ಇಳಿಯುವ ಹಿಂಬದಿಯ ಡಕ್ಟ್‌ನಲ್ಲೇ ಇಳಿಯಬೇಕು, ಹತ್ತು ಸಾವಿರ ಠೇವಣಿ, ಸೋರಿದರೆ ಹೊಣೆ ನನ್ನದು. ಮಾಲೀಕರು ತಮ್ಮ ಕರಾರಿನಲ್ಲೂ ಒಂದು ಸಾಲು ಸೇರಿಸಬೇಕು: ಬಾಡಿಗೆದಾರ ಬೇರೆ ಡಿಶ್ ಹಾಕುವಂತಿಲ್ಲ, ಮನೆಯೊಳಗಿನ ಸಾಕೆಟ್ ಬಿಟ್ಟು ಹೋಗಬೇಕು. ಇದೇ ಮುಖ್ಯ ಸಾಲು. ಇದಿಲ್ಲದಿದ್ದರೆ ಮೂರು ವರ್ಷದಲ್ಲಿ ಮತ್ತೆ 23 ಆಗುತ್ತದೆ.

ಹಳೆಯ ಡಿಶ್‌ಗಳ ಬಗ್ಗೆ ಹದಿನೈದು ದಿನ ನೋಟಿಸ್ ಅಂಟಿಸಿ ಆಮೇಲೆ ಇಳಿಸಿದೆವು. ಗುಜರಿಯವನು ಎರಡು ಸಾವಿರದ ಆಸುಪಾಸು ಕೊಟ್ಟ, ಅದು ತೂತು ಮುಚ್ಚುವ ರಾಸಾಯನಿಕಕ್ಕೇ ಸಾಲಲಿಲ್ಲ.

ಕೂರಿಸುವಾಗ ನನ್ನ ಕೈಯಿಂದಲೇ ಒಂದು ಎಡವಟ್ಟಾಯಿತು. ಎರಡು ಕ್ವಾಟ್ರೋ, ಅಂದರೆ ನಾಲ್ಕು ವೈರ್ ಹೊರಡುವ, ಎಲ್‌ಎನ್‌ಬಿ; ಅವುಗಳ ಸಿಗ್ನಲ್ ಅನ್ನು ಮನೆಗಳಿಗೆ ಹಂಚಲು ಒಂಬತ್ತು ಒಳದಾರಿ ಹದಿನಾರು ಹೊರದಾರಿಯ ಮಲ್ಟಿಸ್ವಿಚ್. 93.5ನ್ನು ಎ ಕಡೆಗೆ, 83ನ್ನು ಬಿ ಕಡೆಗೆ ಕೊಟ್ಟಿದ್ದೆ. ಫ್ರೀ ಡಿಶ್‌ನವರಿಗೆ ಚಿತ್ರ ಬಂತು, ತಿಂಗಳ ಹಣ ಕಟ್ಟುವ ಬಾಕ್ಸ್‌ಗಳೆಲ್ಲ ಸಿಗ್ನಲ್ ಇಲ್ಲ ಎಂದವು. ಎರಡು ದಿನ ಕನೆಕ್ಟರ್ ಕತ್ತರಿಸಿ ಕತ್ತರಿಸಿ ಹಾಕಿದೆ. ಆಮೇಲೆ ಹೊಳೆಯಿತು: ಆ ಬಾಕ್ಸ್‌ಗಳು ಯಾವ ಉಪಗ್ರಹ ಬೇಕೆಂದು ಸ್ವಿಚ್‌ಗೆ ತಿಳಿಸುವ ಡೈಸೆಕ್ ಆಜ್ಞೆಯನ್ನೇ ಕಳಿಸುತ್ತಿಲ್ಲ, ಸ್ವಿಚ್ ತಾನಾಗಿ ಎ ಕಡೆಗೇ ನಿಲ್ಲುತ್ತಿದೆ. 83ನ್ನು ಎ ಕಡೆಗೆ ತಂದು, ಫ್ರೀ ಡಿಶ್ ಬಾಕ್ಸ್‌ಗಳ ಮೆನುವಿನಲ್ಲಿ ಬಿ ಆರಿಸಿದೆ. ಐದು ನಿಮಿಷದ ಕೆಲಸ. ಸ್ವಿಚ್‌ಗೆ ಕರೆಂಟ್ ಸೊಸೈಟಿಯ ಮೀಟರ್‌ನಿಂದ, ತಿಂಗಳಿಗೆ ಏಳೆಂಟು ಯೂನಿಟ್. ಹನ್ನೊಂದು ಮನೆಯವರೂ ಸೇರಿ ತಿಂಗಳಿಗೆ ನೂರು ರೂಪಾಯಿ ಕಟ್ಟುತ್ತಾರೆ.

ಖರ್ಚು ನೆನಪಿದ್ದಷ್ಟು: ಸ್ವಿಚ್ ಆರು ಸಾವಿರದ ಮೇಲೆ, ಎರಡು ಸ್ಟ್ಯಾಂಡ್ ನಾಲ್ಕೂವರೆ, ಆರ್‌ಜಿ-6 ಕೇಬಲ್ ಒಂದು ಸುರುಳಿ ದಾಟಿತು, ಐದು ಸಾವಿರ. ಡಿಶ್, ಎಲ್‌ಎನ್‌ಬಿ, ಅರ್ತಿಂಗ್, ಕೂಲಿ ಸೇರಿ 24 ಸಾವಿರದ ಹತ್ತಿರ ಬಂತು. ಮನೆಗೆ 2,200. ಠೇವಣಿ ನಾನೇ ಕಟ್ಟಿದೆ, ಮೂರನೇ ವರ್ಷ ವಾಪಸು ಬಂತು.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಕಟ್ಟಡದ ಬಣ್ಣವೇ ಇರಲಿ ಎಂದು ಡಿಶ್‌ಗೆ ಹೊಳೆಯುವ ಎನಾಮಲ್ ಹಚ್ಚಿದೆ. ಮಾರ್ಚ್‌ನಲ್ಲಿ ಸೂರ್ಯ ಉಪಗ್ರಹದ ನೇರಕ್ಕೆ ಬಂದಾಗ ಬಿಸಿಲೆಲ್ಲ ಎಲ್‌ಎನ್‌ಬಿಯ ಮೂತಿಗೆ ಬಿದ್ದು ಪ್ಲಾಸ್ಟಿಕ್ ಮುಚ್ಚಳ ಸೊಟ್ಟಗಾಯಿತು. ಹಚ್ಚುವುದಾದರೆ ಹೊಳಪಿಲ್ಲದ ಬಣ್ಣವನ್ನೇ ತೆಳುವಾಗಿ ಹಚ್ಚಿ. ಮಳೆಗೆ ಸಿಗ್ನಲ್ ಹೋಗದಿರಲೆಂದು 90 ಸೆಂ.ಮೀ. ಡಿಶ್ ಇಟ್ಟೂ ನೋಡಿದೆ. ಮಳೆಗೆ ಬಹಳ ಚೆನ್ನಾಗಿ ನಿಂತಿತು, ಆದರೆ ಗಾಳಿಗೆ ಭಾರ ಎರಡು ಪಟ್ಟಿಗಿಂತ ಹೆಚ್ಚು ಬೇಕು. ಹಳೆಯ ಸ್ಲ್ಯಾಬ್‌ನ ಮೇಲೆ ಅಷ್ಟು ಹೇರಲು ನನಗೆ ಮನಸ್ಸಾಗಲಿಲ್ಲ.

ನಿಜವಾದ ಪರೀಕ್ಷೆ 2021ರ ಮೇ 17ರಂದು, ತೌಕ್ತೆ ಚಂಡಮಾರುತ. ಕೊಲಾಬಾದಲ್ಲಿ ಗಂಟೆಗೆ 114 ಕಿ.ಮೀ. ಗಾಳಿ ದಾಖಲಾದ ದಿನ. ಇಡೀ ದಿನ ನನ್ನ ಹೊಟ್ಟೆಯಲ್ಲಿ ಕಲ್ಲಿಟ್ಟಂತಿತ್ತು, ಫೋನ್ ಸದ್ದಾದರೆ ಎದೆ ಧಸಕ್ಕೆನ್ನುತ್ತಿತ್ತು. ಮರುದಿನ ಬೆಳಿಗ್ಗೆ ಮೇಲೆ ಹೋದೆ. ಪಕ್ಕದ ಕಟ್ಟಡದ ಎರಡು ತಗಡಿನ ಶೀಟ್ ನಮ್ಮ ತಾರಸಿಗೆ ಬಂದು ಬಿದ್ದಿದ್ದವು. ಕೂರಿಸಿದ ದಿನವೇ ಸ್ಟ್ಯಾಂಡಿನ ನಾಲ್ಕೂ ಕಾಲಿನ ಸುತ್ತ ಕೆಂಪು ಆಯಿಲ್ ಪೇಂಟ್‌ನಿಂದ ಗೆರೆ ಎಳೆದಿದ್ದೆ. ಬಗ್ಗಿ ನೋಡಿದೆ. ನಾಲ್ಕೂ ಕಾಲು ಗೆರೆಯೊಳಗೇ ಇದ್ದವು. ಒಂದು ಎಲ್‌ಎನ್‌ಬಿಯ ಹಿಡಿ ಮಾತ್ರ ಸ್ವಲ್ಪ ತಿರುಗಿತ್ತು, ಸರಿಪಡಿಸಿದೆ.

ಐದನೇ ಮಹಡಿಯಲ್ಲಿ ಬಾಡಿಗೆಗಿದ್ದ ನಮ್ಮ ಕಡೆಯ ಹಿರಿಯರೊಬ್ಬರು, ಎಂಬತ್ತು ದಾಟಿದವರು, ಚಂದನ ವಾಹಿನಿ ಬಿಟ್ಟು ಬೇರೇನೂ ನೋಡುತ್ತಿರಲಿಲ್ಲ. ಅವರು ಆ ಸಂಜೆಯೂ ವಾರ್ತೆ ನೋಡಿದರು. ಆಮೇಲೆ ಆ ಮನೆಗೆ ಮೂರು ಕುಟುಂಬಗಳು ಬಂದು ಹೋಗಿವೆ. ಯಾರೂ ತಾರಸಿ ಹತ್ತಲಿಲ್ಲ, ಸಾಕೆಟ್‌ಗೆ ವೈರ್ ಸಿಕ್ಕಿಸಿದರು ಅಷ್ಟೇ.

ಈಗ ಅದೇ ರಸ್ತೆಯ ಇನ್ನೆರಡು ಸೊಸೈಟಿಗಳಲ್ಲಿ ಕೆಲಸ ಮುಗಿದಿದೆ, ಭಾಂಡುಪ್‌ನ ಆ ಸೋರಿದ ಕಟ್ಟಡದವರೂ ಕರೆದಿದ್ದಾರೆ. ಕಬ್ಬಿಣದ ಬೆಲೆ ಏರಿದೆ, ಒಂದು ಸ್ಟ್ಯಾಂಡ್ ಈಗ ಮೂರು ಸಾವಿರದ ಮೇಲೆಯೇ ಬೀಳುತ್ತದೆ, ಅಂದಾಜು ಕೊಡುವಾಗ ನೋಡಿಕೊಳ್ಳಿ.