ಬಲೆಗೆ ಕೈ ಹಾಕುವ ಮೊದಲು

ಅಮೆರಿಕದ ವಾಷಿಂಗ್ಟನ್ ರಾಜ್ಯದೊಳಕ್ಕೆ ಚಾಚಿಕೊಂಡಿರುವ ಪ್ಯೂಜೆಟ್ ಸೌಂಡ್ ಎಂಬ ಕಡಲಭಾಗದಲ್ಲಿ ಸಾಲ್ಮನ್‌ಗೆ ಗಾಳ ಹಾಕಲು ಆರಂಭಿಸಿದ ದಿನಗಳಲ್ಲಿ, ಸಿಕ್ಕಿದ ಮೀನನ್ನು ಕೈಬಲೆಯಿಂದೆತ್ತಿ ದೋಣಿಗೆ ಹಾಕಿದ ಮೇಲೆಯೇ ಅದು ಯಾವುದೆಂದು ನೋಡುತ್ತಿದ್ದೆ. ಅಲ್ಲಿನ ಚಿನೂಕ್ ಎಂಬ ಜಾತಿಯ ಸಾಲ್ಮನ್‌ಗೆ 1999ರಿಂದ ಅಮೆರಿಕದ ಕಾನೂನಿನ ರಕ್ಷಣೆಯಿದೆ. ಮರಿ ಸಾಕುವ ಕೇಂದ್ರಗಳು ಬಹುಪಾಲು ಮರಿಗಳನ್ನು ನೀರಿಗೆ ಬಿಡುವ ಮೊದಲು ಬೆನ್ನಿನ ಹಿಂಭಾಗದಲ್ಲಿ, ಬಾಲಕ್ಕೆ ಸಮೀಪವಿರುವ ಕಿರುರೆಕ್ಕೆಯನ್ನು ಕತ್ತರಿಸಿರುತ್ತವೆ. ಅಂಥ ಮೀನನ್ನಷ್ಟೇ ಇಟ್ಟುಕೊಳ್ಳಬಹುದಾದ ಅವಧಿಗಳಲ್ಲಿ, ಆ ರೆಕ್ಕೆ ಉಳಿದಿರುವ ಚಿನೂಕನ್ನು ನೈಸರ್ಗಿಕವಾಗಿ ಹುಟ್ಟಿದ್ದೆಂದು ಎಣಿಸಿ ಬಿಡಲೇಬೇಕು.

ಒಂದು ಬೆಳಿಗ್ಗೆ ನಾನು ದೋಣಿಗೆ ಎತ್ತಿಕೊಂಡ ಚಿನೂಕ್‌ಗೆ ಆ ರೆಕ್ಕೆ ಇತ್ತು. ಕೂಡಲೇ ನೀರಿಗೆ ಬಿಟ್ಟೆನಾದರೂ ಬಲೆಯ ಗಂಟುಗಳಲ್ಲಿ ಅದರ ಹುರುಪೆಗಳು ಅಂಟಿಕೊಂಡಿದ್ದವು, ಮೀನು ಮಗ್ಗುಲಾಗಿ ತೇಲುತ್ತಾ ದೂರ ಸರಿಯಿತು. ಬಿಡಬೇಕಾದ ಮೀನನ್ನು ದೋಣಿಗೆ ಎತ್ತುವುದೇ ಅಲ್ಲಿ ನಿಯಮಬಾಹಿರ ಎಂಬುದನ್ನು ನಾನು ಸರಿಯಾಗಿ ಓದಿಕೊಂಡಿರಲಿಲ್ಲ.

ಅಂದಿನಿಂದ ಮೀನು ದೋಣಿಯ ಪಕ್ಕಕ್ಕೆ ಬಂದಾಗ ಬಲೆ ಮುಟ್ಟದೆ ಮೊದಲು ಬೆನ್ನು ನೋಡುತ್ತೇನೆ. ಚಿನೂಕೋ, ಕೋಹೋ ಎಂಬ ಇನ್ನೊಂದು ಜಾತಿಯ ಸಾಲ್ಮನ್ನೋ ಎಂಬ ಅನುಮಾನ ಬಂದರೆ ಬಾಯಿಯನ್ನೂ ಬಾಲವನ್ನೂ ಗಮನಿಸುತ್ತೇನೆ: ಚಿನೂಕ್‌ನ ವಸಡು ಹಲ್ಲಿನ ಬುಡದಲ್ಲಿಯೂ ಕಪ್ಪಾಗಿರುತ್ತದೆ, ಬಾಲದ ಎರಡೂ ಭಾಗಗಳಲ್ಲಿ ಚುಕ್ಕೆಗಳಿರುತ್ತವೆ, ಕೋಹೋವಿನಲ್ಲಿ ಆ ಬುಡ ಬಿಳಿಚಿಕೊಂಡಿರುತ್ತದೆ, ಚುಕ್ಕೆಗಳು ಸಾಮಾನ್ಯವಾಗಿ ಬಾಲದ ಮೇಲ್ಭಾಗದಲ್ಲಿ ಮಾತ್ರ ಇರುತ್ತವೆ. ಬಿಡಬೇಕಾದದ್ದಾದರೆ ಕೊಕ್ಕೆಯ ಬಾಗಿಗೆ ಇಕ್ಕಳ ಸಿಕ್ಕಿಸಿ ಮೇಲಕ್ಕೆ ತಿರುಗಿಸುತ್ತೇನೆ. ಹಿಮ್ಮುಳ್ಳಿಲ್ಲದ ಒಂಟಿ ಕೊಕ್ಕೆಯಾದ್ದರಿಂದ ಮೀನಿನ ಭಾರಕ್ಕೇ ಅದು ಕಳಚಿಕೊಳ್ಳುತ್ತದೆ. ನನ್ನ ಕೈ ಮೀನಿಗೆ ತಾಗುವುದೇ ಇಲ್ಲ. ತೀರಾ ತೆಳುವಾದ ದಾರವನ್ನೂ ಬಳಸುವುದಿಲ್ಲ, ಏಕೆಂದರೆ ಬಹಳ ಹೊತ್ತು ಸೆಣಸಿ ಬಸವಳಿದ ಮೀನು ಚೇತರಿಸಿಕೊಳ್ಳುವುದು ಕಷ್ಟ.

ಕಲ್ಲುತಳದ ಹತ್ತಿರ ಕೊಕ್ಕೆ ಇಳಿದರೆ ಅಲ್ಲಿ ವಾಸಿಸುವ ರಾಕ್‌ಫಿಶ್ ಎಂಬ ಮೀನು ಸಿಗುವ ಅಪಾಯವಿದೆ. ಅದರಲ್ಲಿ ಯೆಲ್ಲೋಐ ಮತ್ತು ಬೊಕಾಚಿಯೊ ಎಂಬ ಜಾತಿಗಳು 2010ರಿಂದ ರಕ್ಷಿತ ಪಟ್ಟಿಯಲ್ಲಿವೆ. ಆಳದಿಂದ ಎಳೆದಾಗ ಅವುಗಳ ಗಾಳಿಚೀಲ ಉಬ್ಬಿ ಕಣ್ಣು ಹೊರಚಾಚುತ್ತದೆ, ಮತ್ತೆ ತಾವಾಗಿ ಮುಳುಗಲಾರವು. ಹೀಗಾದಾಗ ಮೀನಿನ ತುಟಿಗೆ ಕಚ್ಚಿಸಿ, ಭಾರ ಕಟ್ಟಿ ತಳಕ್ಕಿಳಿಸುವ ಸಾಧನವನ್ನು ಸದಾ ಸಿದ್ಧವಾಗಿಟ್ಟಿರುತ್ತೇನೆ. ಆದರೂ ಒಂದು ಸಿಕ್ಕಿತೆಂದರೆ ಕೊಕ್ಕೆಯನ್ನು ಮೇಲೆತ್ತಿ ಆ ಜಾಗವನ್ನೇ ಬಿಡುತ್ತೇನೆ. ಎಷ್ಟೇ ಜಾಗ್ರತೆ ವಹಿಸಿದರೂ ಬಿಟ್ಟ ಮೀನುಗಳಲ್ಲಿ ಕೆಲವು ಸಾಯುತ್ತವೆ. ಆದ್ದರಿಂದ ನನ್ನ ಪಾಲಿನ ಮೀನು ಸಿಕ್ಕ ಮೇಲೆ ಕೇವಲ ಹಿಡಿದು ಬಿಡುವ ಸಂತೋಷಕ್ಕಾಗಿ ಗಾಳ ಹಾಕುವುದನ್ನು ನಾನು ನಿಲ್ಲಿಸಿದ್ದೇನೆ.