ಅಜ್ಜಿ ಸಾವಿನ ಮಾತು ತೆಗೆದ್ರೆ "ಬಿಡ್ತು ಅನ್ನಿ" ಅನ್ನೋ ಮುಂಚೆ

ಮನೇಲಿ ವಯಸ್ಸಾದೋರು "ಊರು ಹೋಗು ಅಂತಿದೆ, ಕಾಡು ಬಾ ಅಂತಿದೆ" ಅಂದ ತಕ್ಷಣ ನಾವೆಲ್ಲ ಮಾಡೋದು ಒಂದೇ, "ಬಿಡ್ತು ಅನ್ನಿ, ಏನ್ ಮಾತು ಅಂತ ಆಡ್ತೀರಾ" ಅಂತ ಬಾಯಿ ಮುಚ್ಚಿಸಿ ಟೀವಿ ಸೌಂಡ್ ಜಾಸ್ತಿ ಮಾಡೋದು. ನಾನೂ ಹಂಗೇ ಮಾಡ್ತಿದ್ದೆ. ಮೊದಲು ಅದನ್ನ ಬಿಡಿ, ಸುಮಾರು ಸಲ ಹೆದರಿಕೆ ಅವರಿಗಿಂತ ನಮಗೇ ಜಾಸ್ತಿ ಇರುತ್ತೆ.

ಅವರೆಕಾಯಿ ಬಿಡಿಸ್ತಾನೋ ಹೂ ಕಟ್ತಾನೋ ಪಕ್ಕದಲ್ಲಿ ಕೂತು "ಯಾವುದಕ್ಕೆ ಭಯ ಅಜ್ಜಿ?" ಅಂತ ಕೇಳಿ, ಕೇಳಿ ಸುಮ್ನಿರಿ. ನಮ್ಮಜ್ಜಿ ದೇವರ ಮನೇಲಿ ಗಂಗೆ ಗಿಂಡಿ ಇಟ್ಕೊಂಡು, ಕೊನೇಲಿ ಯಾವ ಸೀರೆ ಉಡಿಸ್ಬೇಕು ಅಂತಾನೂ ಹೇಳಿಟ್ಟಿರೋರು, ಅವರು ಅಂದಿದ್ದು "ಸಾಯೋಕಲ್ಲ ಕಣೋ, ಬಚ್ಚಲಿಗೆ ಹೋಗೋಕೂ ಇನ್ನೊಬ್ಬರ ಕೈ ಹಿಡೀಬೇಕಾಗುತ್ತಲ್ಲ, ಅದಕ್ಕೆ." ಸಾವಿನ ಭಯ ಬೇರೆ, ನರಳಾಟದ ಭಯ ಬೇರೆ. ದೇವಸ್ಥಾನದಲ್ಲಿ "ಅನಾಯಾಸೇನ ಮರಣಂ" ಅಂತ ಬೇಡ್ಕೊಳೋರು ಕೇಳೋದೂ ಇದನ್ನೇ ಅಲ್ವಾ.

ಇನ್ನೊಂದು, "ಒಪ್ಕೊಂಡಿದ್ದಾರೆ" ಅಂತ ನಿರಾಳ ಆಗ್ಬೇಡಿ. 1994ರಲ್ಲಿ ವಾಂಗ್, ರೆಕರ್, ಗೆಸ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು ಸಾವಿನ ಬಗೆಗಿನ ಧೋರಣೆ ಅಳೆಯೋ 32 ಪ್ರಶ್ನೆಗಳ ಪಟ್ಟಿ ಮಾಡಿದ್ರು, ಅದರಲ್ಲಿ ಭಯ ಮತ್ತೆ ಆ ಯೋಚನೇನೇ ದೂರ ತಳ್ಳೋದು ಬಿಟ್ರೆ ಒಪ್ಕೊಳೋದ್ರಲ್ಲೇ ಮೂರು ಥರ: ಹುಟ್ಟಿದ್ಮೇಲೆ ಇದ್ದಿದ್ದೇ ಅನ್ನೋದು, ಮುಂದೆ ಒಳ್ಳೇ ಲೋಕ ಇದೆ ಅನ್ನೋದು, ಈ ಕಷ್ಟದಿಂದ ಬಿಡುಗಡೆ ಸಿಕ್ರೆ ಸಾಕು ಅನ್ನೋದು. ಮೂರನೇದು ಕೇಳೋಕೆ ವೈರಾಗ್ಯದ ಥರಾನೇ ಇರುತ್ತೆ. ಆದ್ರೆ "ಸಾಕಪ್ಪಾ" ಅನ್ನೋರು ಊಟ ಬಿಡ್ತಿದ್ರೆ, ನಿದ್ದೆ ಮಾಡ್ತಿಲ್ಲ ಅಂದ್ರೆ, ಬಿಪಿ ಮಾತ್ರೆ ಡಬ್ಬೀಲೇ ಉಳೀತಿದ್ರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿದ್ರೂ ಆಗುತ್ತೆ, ಫ್ರೀ.

ನೋವಿನ ಭಯ ಇದ್ರೆ ಪ್ಯಾಲಿಯೇಟಿವ್ ಕೇರ್ (ಕಾಯಿಲೆಯ ನೋವು, ನರಳಾಟ ಕಡಿಮೆ ಮಾಡೋ ಆರೈಕೆ) ಡಾಕ್ಟರನ್ನ ಕೇಳಿ, ಅದು ಕ್ಯಾನ್ಸರ್‌ಗೆ ಮಾತ್ರ ಅಲ್ಲ. ವೆಂಟಿಲೇಟರ್ ಬೇಡ ಅಂತಿದ್ರೆ ಲಿವಿಂಗ್ ವಿಲ್ (ಕೊನೇಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಪತ್ರ) ಬರೆಸ್ಬಹುದು, ಸುಪ್ರೀಂ ಕೋರ್ಟ್ 2018ರಲ್ಲೇ ಒಪ್ಪಿದೆ, 2023ರಲ್ಲಿ ಸುಲಭಾನೂ ಮಾಡಿದೆ, ಇಬ್ಬರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಆಫೀಸರ್ ಸಹಿ ಸಾಕು, ತಮ್ಮ ಪರವಾಗಿ ಯಾರು ಮಾತಾಡ್ಬೇಕು ಅಂತ ಹೆಸರೂ ಬರೀಬೇಕು. ಬುದ್ಧಿ ಸ್ವಾಧೀನದಲ್ಲಿರುವಾಗ್ಲೇ, ಅವರಿಗೆ ಇಷ್ಟ ಇದ್ರೆ ಮಾತ್ರ. ಮಕ್ಕಳು ಪೇಪರ್ ಹಿಡ್ಕೊಂಡು ಬಂದ್ರೆ ಆಸ್ತಿ ಬರೆಸ್ಕೊಳೋಕೆ ಬಂದ್ರು ಅಂತಾನೇ ಅನ್ಕೋತಾರೆ!

ನಮ್ಮನೇಲಿ ಪೇಪರ್‌ವರೆಗೂ ಹೋಗ್ಲಿಲ್ಲ, ಬಚ್ಚಲ ಗೋಡೆಗೆ ಸ್ಟೀಲ್ ಹಿಡಿಕೆ ಹಾಕಿಸಿದ್ವಿ. "ದುಡ್ಡು ದಂಡ" ಅಂತ ಎರಡು ದಿನ ಬೈದ್ರು, ಈಗ ಅದನ್ನ ಹಿಡ್ಕೊಂಡೇ ಒಬ್ಬರೇ ಹೋಗಿ ಬರ್ತಾರೆ, ಬರುವಾಗ ಒದ್ದೆ ಟವಲ್ಲೂ ಅದರ ಮೇಲೇ ಒಣಗಾಕಿ ಬರ್ತಾರೆ.